ಹಾಡಿಸುವವರ ಪಾಡು

ಕಂಪನಿ ನಾಟಕಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಯಾವ ನಾಯಕಿಯನ್ನೂ ಅಲ್ಲ, ಪೇಟಿ ಮಾಸ್ತರರ ಬೆನ್ನನ್ನು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನೆಲದ ಟಿಕೀಟಿನ ಹುಡುಗರಿಗೆ ಸಿಗುತ್ತಿದ್ದ ಜಾಗವೇ ಅಂಥದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಅಲ್ಲಿ ತಿಂಗಳುಗಟ್ಟಲೆ ನಾಟಕದ ತಂಬುಗಳು. ಹಗಲು ಬುಟ್ಟಿ ಹೊತ್ತು ಬಂದ ಅವ್ವಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪಿಂಡಿ, ಗಡಿಗೆ ಮೊಸರು, ರಾತ್ರಿ ನಾಟಕ. ಎದುರಿಗೆ ರಂಗಸ್ಥಳ, ಅದರ ಬುಡದಲ್ಲೊಂದು ತಗ್ಗು, ತಗ್ಗಿನಲ್ಲಿ ಕಾಲಿನಿಂದ ಒತ್ತುವ ದೊಡ್ಡ ಪೇಟಿ, ಅಂದರೆ ಹಾರ್ಮೋನಿಯಂ, ಪೇಟಿಯ ಹಿಂದೆ ಮಾಸ್ತರರು, ಮಾಸ್ತರರ ಹಿಂದೆ ನಾವು. ದ್ರೌಪದಿಯ ಮುಖ ಕಾಣಬೇಕಾದರೆ ಮಾಸ್ತರರು ಎಡಕ್ಕೆ ವಾಲಬೇಕು. ಅವರು ವಾಲುತ್ತಿದ್ದುದು ತಾರಸಪ್ತಕಕ್ಕೆ ಕೈ ಚಾಚಿದಾಗ ಮಾತ್ರ, ಅದೂ ಬಲಕ್ಕೆ. ಹೀಗಾಗಿ ವಸ್ತ್ರಾಪಹರಣದಂಥ ಪ್ರಸಂಗದಲ್ಲೂ ನನ್ನ ಕಣ್ಣಿಗೆ ಬಿದ್ದ ವಸ್ತ್ರ ಒಂದೇ: ಬೆವರಿಗೆ ಮೈಗಂಟಿದ ಮಾಸ್ತರರ ಬಿಳಿ ಅಂಗಿ.

ಆಗ ಸಿಟ್ಟು ಬರುತ್ತಿತ್ತು. ನೋಡುತ್ತ ನೋಡುತ್ತ, ಇಡೀ ರಾತ್ರಿ ನಡೆಯುತ್ತಿದ್ದುದೇ ಆ ಬೆನ್ನಿನ ಅಪ್ಪಣೆಯ ಮೇಲೆ ಎಂಬುದು ಗೊತ್ತಾಯಿತು. ಕತ್ತು ಒಂಚೂರು ಆಡಿದರೆ ತಬಲಾದವನು ಠೇಕಾ ಬಿಟ್ಟು ತಿಹಾಯಿಗೆ ಬರುತ್ತಿದ್ದ. ಎಡಭುಜ ಇಳಿದರೆ ಹಾಡು ಮುಗಿಯಿತು, ಮಾತು ಶುರು. ಪರದೆ ಎಳೆಯುವವನು ಕೂಡ ನಾಯಕನನ್ನು ನೋಡುತ್ತಿರಲಿಲ್ಲ, ಇವರನ್ನೇ ನೋಡುತ್ತಿದ್ದ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಸತ್ತು ಬಿದ್ದ ಅಭಿಮನ್ಯು ಎದ್ದು ಕೂತು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕೋ, ಮಲಗಿಯೇ ಇರಬೇಕೋ ಎಂಬುದನ್ನು ತೀರ್ಮಾನಿಸುತ್ತಿದ್ದವರೂ ಮಾಸ್ತರರೇ. ಪೇಟಿ ಸುಮ್ಮನಿದ್ದರೆ ಸಾವು ಖಾಯಂ. ಪೇಟಿ ‘ಪಾ’ ಹಿಡಿದರೆ ಅಭಿಮನ್ಯುವಿಗೆ ಜೀವ ಬಂತೆಂದೇ ಲೆಕ್ಕ. ಯಮಧರ್ಮರಾಯನ ಮೇಲೆ ಅಪೀಲು ಕೇಳುವ ಅಧಿಕಾರ ಇಡೀ ಜಿಲ್ಲೆಯಲ್ಲಿ ಇದ್ದದ್ದು ಅವರೊಬ್ಬರಿಗೇ.

ಹೋದ ವರ್ಷ ಬೆಂಗಳೂರಿನಲ್ಲಿರುವ ನನ್ನ ಮಗ ಒಂದು ವಿಡಿಯೋ ಕಳಿಸಿದ. ಬಾರ್ಬರಾ ಹ್ಯಾನಿಗನ್ ಎಂಬ ಕೆನಡಾದ ಗಾಯಕಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ದೊಡ್ಡ ಹೆಸರು. ಆಕೆ ಆರ್ಕೆಸ್ಟ್ರಾದ ಮುಂದೆ ನಿಂತು ವಾದ್ಯದವರಿಗೆ ಕೈಸನ್ನೆಯಲ್ಲಿ ತಾಳ ಹೇಳುತ್ತ, ತಾನೇ ತಾರಕದಲ್ಲಿ ಹಾಡುತ್ತಾಳೆ. ಗಾಯಕಿಯೂ ಅವಳೇ, ಕಂಡಕ್ಟರೂ ಅವಳೇ. ‘ಅಪ್ಪಾ, ಇಂಥಾದ್ದು ಎಲ್ಲೂ ನೋಡಿಲ್ಲ’ ಎಂದು ಮಗ ಬರೆದಿದ್ದ. ನಾನು ಬೆರಗಾಗಿ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯ ಅಡುಗೆಮನೆಗೆ ಫೋನು ಒಯ್ದು ಹೆಂಡತಿಗೆ ತೋರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನೋಡಿ, ‘ಇದರಾಗ ಏನೈತ್ರಿ ದೊಡ್ಡಸ್ತನ? ನಮ್ಮ ಪೇಟಿ ಮಾಸ್ತರು ಕೈಲೆ ಬಾರಿಸಿ, ಕಾಲಿಲೆ ಒತ್ತಿ, ಬಾಯಿಲೆ ಹಾಡಿ, ಕಣ್ಣಿಲೆ ಬೈತಿದ್ರು. ಈಕಿ ಕೈಯಾಗ ಏನೂ ಇಲ್ಲ’ ಅಂದಳು.

ಮಾತು ಖರೆ. ಆ ಕಡೆಯವರಲ್ಲಿ ಹಾಡುವ ಕಸುಬು ಬೇರೆ, ಹಾಡಿಸುವ ಕಸುಬು ಬೇರೆ. ಒಬ್ಬರೇ ಎರಡನ್ನೂ ಮಾಡಿದರೆ ಸುದ್ದಿಯಾಗುತ್ತದೆ. ಕಂಡಕ್ಟರ್ ಆದವನು ಒಂದು ಸ್ವರವನ್ನೂ ನುಡಿಸದೆ ಸಣ್ಣದೊಂದು ಕೋಲಿನಲ್ಲಿ ನೂರು ಮಂದಿಯನ್ನು ಆಳುತ್ತಾನೆ. ಮೊದಲು ಆ ಕೋಲು ಸಣ್ಣದಿರಲಿಲ್ಲ. ಫ್ರಾನ್ಸಿನ ಲೂಲಿ ಎಂಬ ಸಂಗೀತಗಾರ ದೊಡ್ಡ ದೊಣ್ಣೆಯನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದ. ಒಂದು ದಿನ ಆವೇಶದಲ್ಲಿ ಕಾಲ್ಬೆರಳಿಗೇ ಕುಟ್ಟಿಕೊಂಡ, ಗಾಯ ಕೊಳೆತು 1687ರಲ್ಲಿ ತೀರಿಹೋದ. ತಾಳ ಹಾಕಿ ಸತ್ತವನು ಚರಿತ್ರೆಯಲ್ಲಿ ಅವನೊಬ್ಬನೇ ಇರಬೇಕು. ನಮ್ಮಲ್ಲಿ ತಾಳ ಹಾಕಿ ಸತ್ತವರಿಲ್ಲ, ತಾಳ ತಪ್ಪಿಸಿ ತೊಡೆ ಕೆಂಪಾದವರು ಬಹಳ. ಅವರಲ್ಲಿ ನಾನೂ ಒಬ್ಬ. ನನ್ನ ಮಾಸ್ತರರು ತಾಳವನ್ನು ತಮ್ಮ ತೊಡೆಯ ಮೇಲೆ ಹಾಕದೆ ಶಿಷ್ಯನ ತೊಡೆಯ ಮೇಲೆ ಹಾಕುತ್ತಿದ್ದರು.

ಅವರ ಮನೆ ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಗೆ ಹತ್ತಿರದ ಒಂದು ಓಣಿಯಲ್ಲಿತ್ತು. ಕಂಪನಿ ಬಿಟ್ಟು ಬಂದವರು. ಅದಕ್ಕೂ ಮೊದಲು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ನಮ್ಮ ಭಾಗದ ಪೇಟಿ ಮಾಸ್ತರರ ಜಾತಕ ತೆಗೆದರೆ ಬಹುತೇಕ ಎಲ್ಲರದೂ ಗದುಗಿಗೇ ಹೋಗಿ ನಿಲ್ಲುತ್ತದೆ. ಆ ಆಶ್ರಮದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದವರು, ತಮ್ಮಂಥ ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಕಲಿಸಿದರು. ಅಷ್ಟು ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವೆಲ್ಲ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಇಳಿಸಲಿಲ್ಲ. ತಾವು ಹಾಡಿದರೆ ಸಾವಿರ ಜನ ಕೂಡುತ್ತಿದ್ದವರು, ಆಯುಷ್ಯದ ಬಹುಭಾಗವನ್ನು ಬೇರೆಯವರನ್ನು ಹಾಡಿಸುವುದರಲ್ಲಿ ಕಳೆದರು. ಅಲ್ಲಿ ತಯಾರಾದ ಹುಡುಗರು ಪೇಟಿ ಹೊತ್ತು ಶಾಲೆಗೆ, ಮಠಕ್ಕೆ, ಕಂಪನಿಗೆ, ಹಳ್ಳಿಯ ನಾಟಕಕ್ಕೆ ಹಂಚಿಹೋದರು.

ನಮ್ಮ ಮಾಸ್ತರರಿಗೆ ಒಂದೇ ವೈರಿ: ರೇಡಿಯೋ. ಅದಕ್ಕೆ ಕಾರಣವಿತ್ತು. 1940ರ ಮಾರ್ಚಿನಲ್ಲಿ ಆಲ್ ಇಂಡಿಯಾ ರೇಡಿಯೋ ಪೇಟಿಯನ್ನು ಬಹಿಷ್ಕರಿಸಿತು. ಅದರ ಸ್ವರಗಳು ಕೂತಲ್ಲೇ ಕೂತಿರುತ್ತವೆ, ಎರಡು ಸ್ವರಗಳ ನಡುವಿನ ಶ್ರುತಿ ಅದಕ್ಕೆ ಗೊತ್ತಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಮೇಲಾಗಿ ಪರದೇಶದ್ದು ಎಂಬುದು ಆಪಾದನೆ. ರವೀಂದ್ರನಾಥ ಠಾಕೂರರೂ ಅದರ ವಿರುದ್ಧವೇ ಇದ್ದರು. ಪ್ಯಾರಿಸ್ಸಿನಲ್ಲಿ ದೆಬೇನ್ ಎಂಬಾತ 1840ರ ದಶಕದಲ್ಲಿ ಮಾಡಿದ ವಾದ್ಯ ಅದು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಕಾಲು ತೆಗೆಸಿ ಕೈಯಿಂದ ಗಾಳಿ ಹಾಕುವಂತೆ ಮಾಡಿ ನೆಲದ ಮೇಲೆ ಕೂರಿಸಿದರು. ನೆಲದ ಮೇಲೆ ಕೂತ ಯಾವುದನ್ನೂ ನಾವು ಪರಕೀಯ ಅನ್ನುವುದಿಲ್ಲ. ಆದರೆ ರೇಡಿಯೋದವರು ಅಂದರು. 1950ರ ಜನವರಿ 8ಕ್ಕೆ ಧಾರವಾಡದ ಆಕಾಶವಾಣಿ ಶುರುವಾದಾಗ ಅಲ್ಲಿಯ ಗವಾಯಿಗಳಿಗೆ ಸಾರಂಗಿಯ ಸಾಥ್ ಇತ್ತು, ಪೇಟಿಗೆ ಬಾಗಿಲು ಮುಚ್ಚಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತೊಂದು ವರ್ಷ ಒಂದು ವಾದ್ಯ ಇಡೀ ದೇಶದ ಮನೆಮನೆಯಲ್ಲಿ ನುಡಿಯುತ್ತಿತ್ತು, ಸರ್ಕಾರಿ ಕಿವಿಗೆ ಮಾತ್ರ ಕೇಳುತ್ತಿರಲಿಲ್ಲ.

ಮಾಸ್ತರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ರಾತ್ರಿ ಧಾರವಾಡದಿಂದ ಗಾಯನ ಬರುವ ಹೊತ್ತಿಗೆ ಪಕ್ಕದ ಮನೆಯವರ ರೇಡಿಯೋವನ್ನು ಕಿಟಕಿಗೆ ಇಡಿಸಿ, ತಮ್ಮ ಕಟ್ಟೆಯ ಮೇಲೆ ಪೇಟಿ ಇಟ್ಟುಕೊಂಡು ಕೂಡುತ್ತಿದ್ದರು. ಗವಾಯಿ ಆಕಾರ ತೆಗೆದ ಕೂಡಲೇ ‘ಕರಿ ಎರಡು’ ಎಂದು ಶ್ರುತಿ ಹಿಡಿದು ಬೆನ್ನು ಹತ್ತುತ್ತಿದ್ದರು. ಮಲ್ಲಿಕಾರ್ಜುನ ಮನಸೂರರಿಗೆ, ಬಸವರಾಜ ರಾಜಗುರುಗಳಿಗೆ, ಗಂಗೂಬಾಯಿ ಹಾನಗಲ್ಲರಿಗೆ ಹೀಗೆ ಅವರು ಸಾಥ್ ಕೊಟ್ಟದ್ದಕ್ಕೆ ನಮ್ಮ ಓಣಿಯ ನಾಯಿ, ದನ ಮತ್ತು ನಾನು ಸಾಕ್ಷಿ. ಗವಾಯಿಗಳಿಗೆ ಈ ವಿಷಯ ಗೊತ್ತಿರಲಿಲ್ಲ ಅಷ್ಟೇ. ‘ಅವರು ನಮ್ಮನ್ನ ಒಳಗ ಬಿಡಾಂಗಿಲ್ಲ. ಹೊರಗ ಕುಂತು ಬಾರಸಾಕ ಯಾರ ಪರವಾನಗಿ ಬೇಕೋ ತಮ್ಮಾ?’ ಅನ್ನುತ್ತಿದ್ದರು. ಮನಸೂರರು ಜೋಡಿ ರಾಗಗಳಲ್ಲಿ ಎಲ್ಲೋ ಒಂದು ತಿರುವಿನಲ್ಲಿ ತಪ್ಪಿಸಿಕೊಂಡು ಹೋದಾಗ ಮಾತ್ರ ಪೇಟಿಗೆ ಗಾಳಿ ಹಾಕುವ ಬಾತೆಯಿಂದ ಕೈ ತೆಗೆದು, ‘ಹೋಗ್ರಿ, ಹೋಗ್ರಿ, ಮುಂದಿನ ಸಮ್‌ನಾಗ ಭೆಟ್ಟಿ ಆಗೂಣಂತ’ ಎಂದು ರೇಡಿಯೋಕ್ಕೆ ಹೇಳಿ ಕಾಯುತ್ತ ಕೂಡುತ್ತಿದ್ದರು.

ಈ ಕಾಯುವುದೇ ಅವರ ವಿದ್ಯೆಯೆಲ್ಲದರ ತಿರುಳು ಎಂದು ನನಗೆ ತಿಳಿದದ್ದು ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳವರು ನಾಟಕ ಆಡುತ್ತಿದ್ದರು, ಈಗಲೂ ಆಡುತ್ತಾರೆ. ಇಳಕಲ್ಲಿನ ಹತ್ತಿರದ ಕಂದಗಲ್ಲಿನವರೇ ಆದ ಹನುಮಂತರಾಯರು (1896–1966) ಬರೆದ ‘ರಕ್ತರಾತ್ರಿ’ ಎಂದರೆ ನಮ್ಮ ಕಡೆ ಹುಚ್ಚು. ಶಕುನಿಯ ಮಾತುಗಳು ಕುರಿ ಕಾಯುವವನಿಗೂ ಬಾಯಿಪಾಠ. ಮಾಸ್ತರರನ್ನು ತಿಂಗಳುಗಳ ಮೊದಲೇ ಕರೆಸಿ, ಗುಡಿಯಲ್ಲಿ ತಾಲೀಮು. ಹಾಡು ಕಲಿಸುವುದು, ಮಾತು ತಿದ್ದುವುದು, ಯಾರು ಎಲ್ಲಿಂದ ಬಂದು ಎಲ್ಲಿ ನಿಲ್ಲಬೇಕೆಂದು ಹೇಳುವುದು ಎಲ್ಲ ಅವರ ಕೆಲಸ. ಸಂಭಾವನೆ ಸ್ವಲ್ಪ ರೊಕ್ಕ, ಒಂದು ಚೀಲ ಜೋಳ, ಒಂದು ಧೋತರ. ನನ್ನದು ಪೇಟಿ ಹೊರುವ ಹುದ್ದೆ. ಸಂಗೀತದ ಭಾರವನ್ನು ನನ್ನಷ್ಟು ನೇರವಾಗಿ ಅನುಭವಿಸಿದ ಶಿಷ್ಯ ಮತ್ತೊಬ್ಬನಿಲ್ಲ.

ಆ ಊರಿನಲ್ಲಿ ದುರ್ಯೋಧನನ ಪಾತ್ರ ಮಾಡಿದವನು ಊರಿನ ಸಾಹುಕಾರ. ಪಾತ್ರ ಅವನಿಗೆ ಸಿಕ್ಕಿದ್ದು ದನಿಯಿಂದಲ್ಲ, ತಂಬುವಿನ ಖರ್ಚು ಕೊಟ್ಟದ್ದರಿಂದ. ತಾಲೀಮಿನಲ್ಲಿ ‘ಬಿಳಿ ನಾಲ್ಕ’ಕ್ಕೆ ಕುತ್ತಿಗೆ ಹಿಸುಕಿದರೂ ಏರದಿದ್ದವನು, ನಾಟಕದ ರಾತ್ರಿ ಕಿರೀಟ ಇಟ್ಟ ಹುರುಪಿನಲ್ಲಿ ಎಲ್ಲಿಂದಲೋ ಎತ್ತಿಬಿಟ್ಟ. ಪೇಟಿ ಒಂದು ಊರಿನಲ್ಲಿ, ದುರ್ಯೋಧನ ಇನ್ನೊಂದು ಊರಿನಲ್ಲಿ. ಪಕ್ಕದಲ್ಲಿ ಕೂತ ನನಗೆ ಎದೆ ಧಸಕ್ ಎಂದಿತು. ಮಾಸ್ತರರು ತಲೆ ಕೂಡ ಎತ್ತಲಿಲ್ಲ. ಎಡಗೈ ಬಾತೆಯನ್ನು ಅರ್ಧಕ್ಕೆ ತಂದಿತು, ಪೇಟಿ ಬರೇ ಗುಂಯ್ ಎನ್ನುವಷ್ಟಾಯಿತು. ಬಲಗೈಯ ಬೆರಳುಗಳು ಒಂದೊಂದೇ ಪಟ್ಟಿ ಮುಟ್ಟುತ್ತ ಆತನಿರುವ ಜಾಗ ಹುಡುಕಿದವು. ಆತ ಉಸಿರು ತೆಗೆದುಕೊಳ್ಳಲು ನಿಂತ ಸಂದಿನಲ್ಲಿ ಪೂರ್ತಿ ಶ್ರುತಿಯೇ ಅಲ್ಲಿಗೆ ಹೋಗಿ ಕೂತಿತು. ನಮ್ಮ ಇಳಕಲ್ಲಿನ ನೇಕಾರರು ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಉಟ್ಟವಳಿಗೂ ಕೂಡುವ ಜಾಗ ಕಾಣದ ಹಾಗೆ, ಅಂಥ ಕೆಲಸ. ಚಪ್ಪಾಳೆ ಬಿದ್ದಿತು. ದುರ್ಯೋಧನ ಮೀಸೆ ತಿರುವಿದ.

ಅಷ್ಟರಲ್ಲಿ ಮೈಕಿನಲ್ಲಿ ಆಯೇರಿ ಶುರು. ಹಳ್ಳಿಯ ನಾಟಕ ನೋಡಿದವರಿಗೆ ಇದು ಗೊತ್ತು. ತೊಡೆ ಮುರಿಯಲಿ, ಸೀರೆ ಸೆಳೆಯಲಿ, ಮಧ್ಯದಲ್ಲಿ ಒಬ್ಬ ಬಂದು, ‘ನಮ್ಮ ದುರ್ಯೋಧನನ ಪಾರ್ಟು ಮೆಚ್ಚಿ ಅವರ ಬೀಗರು ಐವತ್ತೊಂದು ರೂಪಾಯಿ, ಒಂದು ರುಮಾಲು ಆಯೇರಿ ಮಾಡ್ಯಾರ’ ಎಂದು ಓದುತ್ತಾನೆ. ಒಬ್ಬರು ಮಾಡಿದರೆ ಮುಗಿಯಿತೇ? ಬೀಗರ ಬೀಗರು, ಸೊಸಾಯಿಟಿ ಚೇರ್ಮನ್ನರು, ಅವರ ಮೇಲೆ ಸಿಟ್ಟಿದ್ದ ಮಾಜಿ ಚೇರ್ಮನ್ನರು ಎಲ್ಲರದೂ ಆಗಬೇಕು. ದುರ್ಯೋಧನ ಗದೆಯನ್ನು ಕಂಕುಳಲ್ಲಿ ಇಟ್ಟುಕೊಂಡು ರುಮಾಲು ಸುತ್ತಿಸಿಕೊಂಡ, ಕಿರೀಟದ ಮೇಲೆಯೇ. ಅಷ್ಟು ಹೊತ್ತೂ ಮಾಸ್ತರರ ಒಂದು ಬೆರಳು ಒಂದೇ ಪಟ್ಟಿಯ ಮೇಲಿತ್ತು. ಇರುವೆ ಹರಿದರೂ ಎತ್ತಲಿಲ್ಲ. ಆಯೇರಿ ಮುಗಿದು, ಸಾಹುಕಾರನಿಗೆ ತಾನು ದುರ್ಯೋಧನ ಎಂಬುದು ಮೆಲ್ಲಗೆ ನೆನಪಾಗಿ ಬಾಯಿ ತೆರೆದಾಗ, ಅವನು ಬಿಟ್ಟ ಸ್ವರ ಬಿಟ್ಟಲ್ಲೇ ಅವನಿಗಾಗಿ ಕಾದಿತ್ತು.

ಬೆಳಗಿನ ಜಾವ ವಾಪಸಾಗುವಾಗ ಕೇಳಿದೆ: ‘ಮಾಸ್ತರ, ಅಷ್ಟು ಬೇಸೂರು ಹಾಡಿದನಲ್ರಿ, ಸಿಟ್ಟು ಬರಲಿಲ್ಲೇನು?’ ಅವರು ಎಲೆಗೆ ಸುಣ್ಣ ಹಚ್ಚುತ್ತ, ‘ಬೇಸೂರು ಅನ್ನೂದು ಒಂಟಿ ಇದ್ದಾಗ ಅಷ್ಟ ಇರತೈತೋ. ಜೋಡಿ ಸಿಕ್ಕರ ಅದೂ ಸೂರ ಆಗತೈತಿ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಹಂಗಂತ ನೀ ಕ್ಲಾಸಿನಾಗ ಹಂಗ ಹಾಡಬ್ಯಾಡ’ ಎಂದು ನನ್ನ ತೊಡೆಯ ಕಡೆ ನೋಡಿದರು.

ಅವರಿಗೆ ಹಾಡಲು ಬರುತ್ತಿತ್ತೇ ಎಂದು ನೀವು ಕೇಳಬಹುದು. ಬರುತ್ತಿತ್ತು, ಮತ್ತು ಅದೇ ಅವರ ತಕರಾರು. ನಾಟಕ ಮುಗಿದು, ಪಾತ್ರಧಾರಿಗಳು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುವ ಹೊತ್ತಿಗೆ ಅವರು ಒಂದು ತಾಸು ಭೈರವ ಹಾಡುತ್ತಿದ್ದರು. ಕೇಳುವವರು ಅರ್ಧ ಮುಖ ಧರ್ಮರಾಯ, ಅರ್ಧ ಮುಖ ಹೆಡ್‌ಮಾಸ್ತರ ಆದ ಒಂದಿಷ್ಟು ಜನ. ಮಂದ್ರದಲ್ಲಿ ಅವರು ರಿಷಭವನ್ನು ಆಡಿಸುವಾಗ ಭೀಮ ಹತ್ತಿ ಒತ್ತಿದ ಕೈಯನ್ನು ಗಲ್ಲದ ಮೇಲೆಯೇ ಬಿಟ್ಟು ಕೂತದ್ದನ್ನು ನೋಡಿದ್ದೇನೆ. ಕಛೇರಿ ಯಾಕೆ ಮಾಡಲಿಲ್ಲ ಎಂದರೆ, ‘ಕಛೇರಿಗೆ ಒಬ್ಬ ಪೇಟಿಯವ ಬೇಕಾಗತಾನ. ನನಗ ಸಾಥ್ ಕೊಡೂವಂಥಾವ ಒಬ್ಬನ ಇದ್ದ. ಅವ ನಾನ’ ಅನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದ್ದರಿಂದ ನಾವೂ ನಗುತ್ತಿದ್ದೆವು.

ಹಾಡಿದವರ ಹೆಸರು ಉಳಿದು ಹಾಡಿಸಿದವರದು ಮರೆತುಹೋಗುವ ಈ ತಕರಾರು ನಮ್ಮ ಜಿಲ್ಲೆಯ ಸಂಗೀತದ ಚರಿತ್ರೆಯಲ್ಲೇ ಇದೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯನ್ನು ನೋಡಿ. ಬೀಳಗಿಯಿಂದ ಮುಂಬಯಿಗೆ ಹೋದಾಕೆ. 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಆಕೆ ಹಾಡಿದಳು, ಚಿತ್ರ ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ವಿಜಯಪುರದಲ್ಲಿ ಅಮೀರ್ ಟಾಕೀಜನ್ನೇ ಕಟ್ಟಿಸಿದಳು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ರಂಗಭೂಮಿಗೆ ಹೋದಳು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇದೆಲ್ಲ ಹಾಡಿದ ಅಮೀರ್‌ಬಾಯಿಯ ಕಥೆ. ಹಾಡಿಸಿದ ಅಮೀರ್‌ಬಾಯಿಯೂ ಇದ್ದಳು. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಆಕೆಯದೇ. ಹೆಣ್ಣುಮಗಳೊಬ್ಬಳು ವಾದ್ಯದವರೆದುರು ನಿಂತು ‘ಇದು ಹೀಗಲ್ಲ, ಹಾಗೆ’ ಎಂದು ಹೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅದೂ ಬೀಳಗಿಯ ಹೆಣ್ಣುಮಗಳು! ನಾನು ಈ ಹೆಸರನ್ನು ವಿದ್ಯಾಗಿರಿಯ ಬೆಳಗಿನ ವಾಕಿಂಗಿನಲ್ಲಿ ಹೇಳಿದಾಗ ನಿವೃತ್ತ ಪ್ರಾಧ್ಯಾಪಕರೊಬ್ಬರು, ‘ಶಹನಾಜ್ ಗೊತ್ತದರಿ, ನಮ್ಮ ಸೊಸಿ ಮುಖಕ್ಕ ಹಚ್ಚಿಕೋತಾಳ’ ಎಂದರು.

ಇನ್ನು ಶಾಮಾಚಾರ್ಯ ಜೋಶಿ. ಭೀಮಸೇನ ಜೋಶಿಯವರ ಚರಿತ್ರೆ ಓದಿದವರಿಗೆ ಹೆಸರು ಕಂಡಿರಬಹುದು. 1922ರ ಫೆಬ್ರುವರಿ 4ಕ್ಕೆ ಹುಟ್ಟಿದ ಹುಡುಗ, ಮೊದಲು ಕುರ್ತಕೋಟಿಯ ಚನ್ನಪ್ಪನವರಲ್ಲಿ ಕಲಿತ. ಆಮೇಲೆ ಪೌರೋಹಿತ್ಯವನ್ನೂ ಗಾಯನವನ್ನೂ ಒಟ್ಟಿಗೆ ಮಾಡುತ್ತಿದ್ದ ಶಾಮಾಚಾರ್ಯರಲ್ಲಿ. ಹಾಡಿನ ಜೊತೆಗೆ ಪೇಟಿ ಬಾರಿಸುವುದನ್ನೂ ಅವರೇ ಕಲಿಸಿದರು. ಶಾಮಾಚಾರ್ಯರು ಕಲ್ಕತ್ತೆಗೆ ಹೋಗಿ ಎಚ್.ಎಂ.ವಿ. ಕಂಪನಿಗೆ ಕೆಲವು ಹಾಡು ಕೊಟ್ಟವರು. ಆರೋಗ್ಯ ಕೈಕೊಟ್ಟು ತಮ್ಮ ಊರಿಗೆ ಮರಳಿದರು. ಆ ಊರು ನಮ್ಮ ಬಾಗಲಕೋಟೆ. ಅಲ್ಲಿಂದ ಮುಂದೆ ಚರಿತ್ರೆ ಶಿಷ್ಯನ ಹಿಂದೆ ಓಡುತ್ತದೆ: ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟದ್ದು, ಟಿಕೀಟಿಲ್ಲದ ರೈಲು, ಗ್ವಾಲಿಯರ್, ಜಲಂಧರ್, ತಿರುಗಿ ಬಂದು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯ ನೀರು ಹೊತ್ತದ್ದು, 2008ರ ಭಾರತರತ್ನ. ಗುರುವಿನ ಪಾಲಿಗೆ ಎರಡು ಮೂರು ಸಾಲು. ಆದರೆ 1988ರಲ್ಲಿ ದೂರದರ್ಶನ ‘ಮಿಲೇ ಸುರ್’ ಹಾಡನ್ನು ಹಾಕಲು ಶುರುಮಾಡಿದಾಗ, ದೇಶಕ್ಕೆಲ್ಲ ಮೊದಲ ಸ್ವರ ಹಿಡಿದುಕೊಟ್ಟ ಭೀಮಸೇನರ ದನಿಗೆ ಎಂದೋ ಒಂದು ದಿನ ಪೇಟಿಯ ಮೇಲೆ ಸ್ವರ ತೋರಿಸಿದ ಬೆರಳು ಬಾಗಲಕೋಟೆಯದು ಎಂದು ನಮ್ಮ ಮಾಸ್ತರರು ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದರು. ಬಂದವರು ‘ಹೌದೇನ್ರಿ?’ ಎಂದು ಚಹಾ ಕುಡಿದು ಹೋದರು.

ಎರಡೂ ಕೈಗೂಡಿದವರು ಇಲ್ಲವೆಂದಲ್ಲ. ಮನಸೂರರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು. ಮುಂದೆ ಎಚ್.ಎಂ.ವಿ.ಯಲ್ಲಿ ಬೇರೆಯವರ ಹಾಡುಗಳನ್ನು ಹೊಂದಿಸಿಕೊಟ್ಟರು, ‘ಚಂದ್ರಹಾಸ’ ಎಂಬ ಕನ್ನಡ ಚಿತ್ರಕ್ಕೆ ಸಂಗೀತ ಕೊಟ್ಟರು, ಧಾರವಾಡ ಆಕಾಶವಾಣಿಗೆ ಸಂಗೀತದ ಸಲಹೆಗಾರರಾದರು. ಭೀಮಸೇನರು ಗುರು ಸವಾಯಿ ಗಂಧರ್ವರ ಹೆಸರಲ್ಲಿ ಪುಣೆಯ ಉತ್ಸವವನ್ನು ದಶಕಗಳ ಕಾಲ ನಡೆಸಿದರು. ಎಲ್ಲರೂ ಹಾಡಿದ ಮೇಲೆ, ಕೊನೆಗೆ ತಾವು. ಆದರೆ ಇವರು ಮೊದಲು ಹಾಡಿ ಗೆದ್ದವರು. ಹಾಡಿಸುವುದು ಅವರಿಗೆ ಮೇಲುಹೊದಿಕೆ. ನಮ್ಮ ಮಾಸ್ತರರಿಗೆ ಅದೊಂದೇ ಅಂಗಿ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು. ಹಳೇ ಊರಿನ ಓಣಿಗಳು ಒಂದೊಂದಾಗಿ ಖಾಲಿಯಾದವು. ಪರಿಹಾರದ ಅಳತೆಗೆ ಬಂದ ಸರ್ವೇದವರು ಮಾಸ್ತರರ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಬರೆದುಕೊಂಡರು. ಕಟ್ಟೆಯನ್ನು ಬರೆದುಕೊಂಡರೋ ಇಲ್ಲವೋ ನೆನಪಿಲ್ಲ. ಕೆಲವರು ನವನಗರದ ಸೆಕ್ಟರುಗಳಿಗೆ ಹೋದರು, ಕೆಲವರು ವಿದ್ಯಾಗಿರಿಗೆ ಬಂದೆವು. ಇಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದದ್ದು 1963ರಲ್ಲಿ. ಸುತ್ತಲಿನ ಬಡಾವಣೆಯಲ್ಲಿ ಆಗಲೇ ಪ್ರೊಫೆಸರರು, ಇಂಜಿನಿಯರರು, ಹಾಸ್ಟೆಲಿನ ಹುಡುಗರು ತುಂಬಿದ್ದರು. ಮಾಸ್ತರರು ಮಗನ ಮನೆಯ ಮುಂದಿನ ಕೋಣೆಯಲ್ಲಿ ಸಂಗೀತದ ಪಾಠ ಶುರುಮಾಡಿದರು. ವಿದ್ಯಾಗಿರಿಯಲ್ಲಿ ಅವರಿಗೆ ಸಿಕ್ಕ ಮೊದಲ ಪ್ರಶ್ನೆ: ‘ಎಷ್ಟು ದಿನದ ಕೋರ್ಸ್ ರೀ ಸರ್?’ ಎರಡನೆಯದು: ‘ಸರ್ಟಿಫಿಕೇಟ್ ಕೊಡ್ತೀರೇನು?’ ಮಾಸ್ತರರು ಬಹಳ ವಿಚಾರ ಮಾಡಿ, ‘ಕೊಡೂಣು. ಆದರ ಅದನ್ನ ನೀವು ಹಾಡಿ ತೋರಸಬೇಕಾಗತೈತಿ’ ಎಂದರು. ಸೇರಿದ ಮಕ್ಕಳಿಗೆ ಮೂರು ತಿಂಗಳು ಬರೇ ‘ಸಾ’. ಪಾಲಕರು ಫೀ ಕೊಡುವಾಗ, ಉಳಿದ ಆರು ಸ್ವರ ಯಾವಾಗ ಬರುತ್ತವೆಂದು ವಿಚಾರಿಸಿಕೊಳ್ಳುತ್ತಿದ್ದರು.

ಹೋಳಿಯ ಐದು ದಿನ ಮಾತ್ರ ಅವರನ್ನು ವಿದ್ಯಾಗಿರಿಯಲ್ಲಿ ಹಿಡಿದಿಡಲು ಆಗುತ್ತಿರಲಿಲ್ಲ. ನಮ್ಮ ಹೋಳಿಯ ಬಣ್ಣದ ಬಂಡಿಗಳ ಸುದ್ದಿ ಎಲ್ಲರಿಗೂ ಗೊತ್ತು, ಹಲಗೆಯ ಸುದ್ದಿ ಕಡಿಮೆ. ಹಳೇ ಊರಿನ ಓಣಿಯಲ್ಲಿ ಹಲಗೆಯ ಮೇಳ ಬಂದಾಗ ಇಳಿವಯಸ್ಸಿನ ಮಾಸ್ತರರು ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚುತ್ತಿದ್ದರು. ‘ನೋಡು, ಅಷ್ಟು ಹಲಗಿಯೊಳಗ ಒಬ್ಬ ಅದಾನ. ಉಳಿದವರು ಅವನ್ನ ಕೇಳಿ ಬಾರಸಾಕತ್ತಾರ. ಯಾರು ಹೇಳು?’ ಎಂದು ನನ್ನ ಪರೀಕ್ಷೆ ಮಾಡುತ್ತಿದ್ದರು. ನಾನು ಎಲ್ಲರಿಗಿಂತ ಜೋರಾಗಿ ಬಾರಿಸುವವನನ್ನು ತೋರಿಸುತ್ತಿದ್ದೆ. ಅವರು ತಲೆ ಅಲ್ಲಾಡಿಸಿ, ಮೂಲೆಯಲ್ಲಿ ಸಣ್ಣಗೆ ಬಾರಿಸುತ್ತ ಎಲ್ಲರ ಮುಖ ನೋಡುತ್ತಿದ್ದ ಮುದುಕನೊಬ್ಬನನ್ನು ತೋರಿಸುತ್ತಿದ್ದರು.

ಮಾಸ್ತರರು ಹೋಗಿ ಬಹಳ ವರ್ಷವಾಯಿತು. ಈಗ ನಮ್ಮ ಬಡಾವಣೆಯ ಗಣಪತಿ ಉತ್ಸವಕ್ಕೆ ಪೇಟಿ ಬರುವುದಿಲ್ಲ, ಕೆರಾವೋಕೆ ಬರುತ್ತದೆ. ಟ್ರ್ಯಾಕು ಅಚ್ಚುಕಟ್ಟು. ಅರವತ್ತು ಪಿಟೀಲು, ನಾಲ್ಕು ಕೊಳಲು, ಎಲ್ಲ ಒಂದು ಪೆನ್ ಡ್ರೈವಿನೊಳಗೆ. ಸಂಭಾವನೆ ಇಲ್ಲ, ಜೋಳದ ಚೀಲ ಇಲ್ಲ. ಒಂದೇ ಕೊರತೆ: ಅದು ಯಾರಿಗೂ ಕಾಯುವುದಿಲ್ಲ. ಮೊನ್ನೆ ಮೂರನೇ ತರಗತಿಯ ಹುಡುಗಿಯೊಬ್ಬಳು ಎರಡನೇ ಸಾಲು ಮರೆತು ನಿಂತಳು. ಅರವತ್ತು ಪಿಟೀಲಿನಲ್ಲಿ ಒಂದೂ ತಿರುಗಿ ನೋಡಲಿಲ್ಲ. ಹಾಡು ಮುಗಿಸಿಕೊಂಡು ಮುಂದಿನ ಹಾಡಿಗೆ ಹೋಗಿಬಿಟ್ಟವು. ಕೂಸು ಅಲ್ಲೇ ನಿಂತಿತ್ತು.

ಈ ಸಿಟ್ಟಿನಲ್ಲೇ ನಾನು ನಮ್ಮ ಹಿರಿಯ ನಾಗರಿಕರ ಬಳಗದ ಸಮೂಹಗಾನಕ್ಕೆ ಪೇಟಿ ಹಿಡಿಯಲು ಒಪ್ಪಿಕೊಂಡೆ. ರಾಜ್ಯೋತ್ಸವಕ್ಕೆ ನಾಡಗೀತೆ. ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಅವಧಿ 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿದೆ. ಆದೇಶ ಹೊರಡಿಸಿದವರಿಗೆ ವಿದ್ಯಾಗಿರಿಯ ಹಿರಿಯ ನಾಗರಿಕರ ಪರಿಚಯ ಇದ್ದಂತಿಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರರು ಪ್ರತಿ ಸಾಲಿನ ಕೊನೆಗೆ ತಾನ ಹೊಡೆಯುತ್ತಾರೆ. ನಿವೃತ್ತ ಪಿ.ಎಸ್.ಐ. ಅವರದು ಪರೇಡಿನ ಲಯ, ಎಲ್ಲರಿಗಿಂತ ಒಂದು ಹೆಜ್ಜೆ ಮುಂದು. ಸ್ಟ್ರಕ್ಚರ್ ಕಲಿಸುತ್ತಿದ್ದ ಪ್ರೊಫೆಸರರು ಅದೆಷ್ಟು ಭದ್ರವಾಗಿ ಒಂದೇ ಸ್ವರದ ಮೇಲೆ ನಿಲ್ಲುತ್ತಾರೆಂದರೆ, ಉಳಿದ ಸ್ವರಗಳೇ ಅವರ ಸುತ್ತ ಓಡಾಡಬೇಕು. ಬೆನ್ನುನೋವಿನ ಕಾಕೂ ಒಬ್ಬರು ನಡುವೆ ಕೂತು ಎದ್ದು ಹಾಡುತ್ತಾರೆ. ಎದ್ದಾಗ ಬಿಳಿ ಎರಡು, ಕೂತಾಗ ಕರಿ ಒಂದು.

ಮಾಸ್ತರರು ಕಲಿಸಿದ್ದನ್ನು ಮಾಡಿದೆ. ಬಾತೆಯನ್ನು ಅರ್ಧಕ್ಕೆ ತಂದೆ. ಮ್ಯಾನೇಜರರ ತಾನ ಇಳಿದು ಬರುವವರೆಗೆ ಷಡ್ಜ ಹಿಡಿದು ಕಾದೆ, ಪಿ.ಎಸ್.ಐ. ಅವರಿಗೆ ಕಣ್ಣಿನಲ್ಲೇ ‘ವಿಶ್ರಾಮ್’ ಹೇಳಿದೆ, ಕಾಕೂ ಏಳುವ ಹೊತ್ತಿಗೆ ಸ್ವರವನ್ನೂ ಏಳಿಸಿದೆ. ನಾಲ್ಕು ನಿಮಿಷಕ್ಕೆ ಸಮೀಪ ಆಯಿತು. ಆದರೂ ಎಲ್ಲರೂ ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ ಬಂದು ಮುಟ್ಟಿದೆವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಡಗೀತೆಗೆ ಮೊದಲೇ ಎದ್ದು ನಿಂತಿದ್ದರೆಂಬುದು ಬೇರೆ ಮಾತು.

ಆಮೇಲೆ ಉಪ್ಪಿಟ್ಟು ತಿನ್ನುವಾಗ ಮ್ಯಾನೇಜರರ ದನಿಯನ್ನು ಎಲ್ಲರೂ ಹೊಗಳಿದರು. ಬಳಗದ ಅಧ್ಯಕ್ಷರು ನನ್ನ ಹತ್ತಿರ ಬಂದು, ‘ನೀವೂ ಎರಡು ಸಾಲು ಹಾಡಬೇಕಿತ್ರಿ, ಬರೇ ಸುಮ್ಮನ ಕುಂತ್ರಿ’ ಎಂದು ಮರುಗಿದರು. ‘ಈ ವಯಸ್ಸಿನಾಗ ನಿಮಗೂ ತ್ರಾಸು. ಮುಂದಿನ ವರ್ಷ ಟ್ರ್ಯಾಕು ತರಿಸಿಬಿಡೂಣು. ನೀವು ಬಟನ್ ಒತ್ತಿದ್ರ ಸಾಕು.’

ಒಪ್ಪಿಕೊಂಡಿದ್ದೇನೆ. ಒಂದೇ ಷರತ್ತು ಹಾಕಿದ್ದೇನೆ: ಬಟನ್ನು ನನ್ನ ಕೈಯಲ್ಲೇ ಇರಬೇಕು, ಹಾಡು ಮುಗಿಯುವವರೆಗೂ. ಅಧ್ಯಕ್ಷರಿಗೆ ಅದರ ಅರ್ಥವಾಗಲಿಲ್ಲ, ಹೂಂ ಅಂದರು. ಟ್ರ್ಯಾಕನ್ನು ನಡುವೆ ತಡೆದು ನಿಲ್ಲಿಸುವುದು ಹೇಗೆಂದು ಮೊಮ್ಮಗಳು ಆಗಲೇ ತೋರಿಸಿಕೊಟ್ಟಿದ್ದಾಳೆ. ಕಾಕೂ ಎದ್ದು ನಿಲ್ಲುವವರೆಗೆ ಅರವತ್ತು ಪಿಟೀಲೂ ಕಾಯಲಿ.